ಮೈಕಣ್ಣ ಮತ್ತು ಮಳೆಪೆಟ್ಟಿಗೆ

ಗುಡ್ಡ ಕಡಿದು ರಸ್ತೆ ಮಾಡಿದ ಕಡೆ ಮಣ್ಣು ಬೋಳಾಗಿ ನಿಂತಿರುತ್ತದಲ್ಲ, ಆ ಇಳಿಜಾರುಗಳಿಗೆ ಹುಲ್ಲು ಹಿಡಿಸುವುದು ಮೈಕಣ್ಣನ ಕಸುಬು. ಲಾರಿಯ ಬೆನ್ನ ಮೇಲೆ ದೊಡ್ಡದೊಂದು ತೊಟ್ಟಿ. ಅದರೊಳಗೆ ನೀರು, ಹುಲ್ಲಿನ ಬೀಜ, ಕಾಗದದ ತಿರುಳು, ಅಂಟು, ಜೊತೆಗೆ ಎಲ್ಲಿ ಬಿತ್ತು ಎಲ್ಲಿ ಬಿಟ್ಟುಹೋಯಿತು ಎಂದು ಕಾಣುವುದಕ್ಕೆ ಒಂದಿಷ್ಟು ಹಸಿರು ಬಣ್ಣ. ಎಲ್ಲವನ್ನೂ ಕಲಸಿ ದಪ್ಪ ಪೈಪಿನಿಂದ ಗುಡ್ಡದ ಮೈಗೆ ಎರಚಬೇಕು. ಪೈಪು ಹಿಡಿದವರು ಮೇಲೆ, ಪಂಪು ನೋಡುವವರು ಕೆಳಗೆ, ನಡುವೆ ಲಾರಿಯ ಗರ್ಜನೆ. ಆ ಗದ್ದಲದಲ್ಲೂ "ಎಡಕ್ಕೆ ಬಿಡ್ರೋ! ನಿಮ್ಮ ಎಡ ಅಲ್ಲ, ಗುಡ್ಡದ ಎಡ!" ಎಂದು ಅವನು ಕೂಗಿದರೆ ಆಚೆ ಗುಡ್ಡದಲ್ಲಿ ಬೇರೆ ಕೆಲಸ ಮಾಡುತ್ತಿದ್ದವರೂ ಎಡಕ್ಕೆ ತಿರುಗುತ್ತಿದ್ದರಂತೆ. ಹಾಗಾಗಿ ಅವನು ಮೈಕಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ತೆಪ್ಪಗೆ ಕೂತಿತ್ತು.

ವರ್ಷಕ್ಕೊಮ್ಮೆ ಆ ಗಂಟಲಿಗೆ ವೇದಿಕೆಯೂ ಸಿಗುತ್ತಿತ್ತು. ಮಳೆಗೆ ಮಣ್ಣು ಕೊಚ್ಚಿಹೋಗದಂತೆ, ಕೊಚ್ಚಿಹೋದದ್ದು ಹೊಳೆ ಕೆರೆ ಸೇರದಂತೆ ನೋಡಿಕೊಳ್ಳುವವರದೇ ಒಂದು ಸಂಘವಿತ್ತು. ಎಂಜಿನಿಯರುಗಳು, ಕಂಟ್ರಾಕ್ಟರುಗಳು, ತಪಾಸಣೆಯವರು, ಮಣ್ಣಿಗೆ ಹೊದಿಸುವ ನಾರಿನ ಚಾಪೆ ಮಾರುವವರು ಎಲ್ಲರೂ ಅದರಲ್ಲಿದ್ದರು. 'ಪ್ರಾದೇಶಿಕ ಮಣ್ಣು ಸವೆತ ಹಾಗೂ ಹೂಳು ನಿಯಂತ್ರಣ ವೃತ್ತಿನಿರತರ ಸಂಘ' ಎಂದು ಅದರ ಹೆಸರು. ವಾರ್ಷಿಕ ಸಭೆಯಲ್ಲಿ ಮೈಕಣ್ಣ ಎದ್ದು ನಿಂತು ಅಷ್ಟನ್ನೂ ಒಂದೇ ಉಸಿರಿಗೆ ಹೇಳಿ, "ಇನ್ನೂ ಉಸಿರು ಉಳಿದಿದೆ, ಬೇಕಾದ್ರೆ ವಿಳಾಸನೂ ಹೇಳ್ತೀನಿ" ಎನ್ನುತ್ತಿದ್ದ. ಪ್ರತಿ ವರ್ಷ ಅದೇ ಜೋಕು. ಜನ ನಗುತ್ತಿದ್ದರು. ಕೆಲವರು ನಗುವ ಹೊತ್ತು ಬಂತಲ್ಲ ಎಂದು ನಗುತ್ತಿದ್ದರು.

ಆಮೇಲೆ ಅವನ ಮಳೆಪೆಟ್ಟಿಗೆ. ಅದು ಅವನೇ ಮರದ ಹಲಗೆ ಜೋಡಿಸಿ ಮಾಡಿದ್ದು. ಓರೆಯಾಗಿ ನಿಲ್ಲಿಸಿದ ಎರಡು ತಟ್ಟೆ, ಎರಡರಲ್ಲೂ ಒಂದೇ ಮಣ್ಣು. ಒಂದು ಬೋಳು, ಇನ್ನೊಂದಕ್ಕೆ ಹುಲ್ಲಿನ ಚಾಪೆಯ ಹೊದಿಕೆ. ಮೇಲೆ ತೂತು ಕೊರೆದ ಪೈಪು, ಕೆಳಗೆ ಎರಡು ಗಾಜಿನ ಜಾಡಿ. ಪೈಪಿನಿಂದ ಮಳೆ ಸುರಿಸಿದರೆ ಬೋಳು ತಟ್ಟೆಯಿಂದ ರಾಡಿ, ಹೊದಿಕೆಯ ತಟ್ಟೆಯಿಂದ ಹೆಚ್ಚುಕಡಿಮೆ ತಿಳಿನೀರು. ಸಭೆಗೆ ಬಂದವರಿಗೆಲ್ಲ ಗೊತ್ತಿದ್ದ ವಿಷಯವೇ. ಆದರೂ ಜಾಡಿ ತುಂಬುವುದನ್ನು ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದರು, ಮೈಕಣ್ಣ ಅದಕ್ಕೆ ಕುದುರೆ ಓಟದ ವರ್ಣನೆಯಂತೆ ಮಾತು ಕೂಡಿಸುತ್ತಿದ್ದ.

ಮನೆಯಲ್ಲಿ ಹೆಂಡತಿ ಅಷ್ಟು ಮಾತಿನವಳಲ್ಲ. ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು, ಗಿರಾಕಿಗಳ ಪ್ಯಾಂಟು ಗಿಡ್ಡ ಮಾಡುವುದು, ಕೋಟು ಅಗಲಿಸುವುದು, ಹರಿದ ಲೈನಿಂಗು ಬದಲಿಸುವುದು ಅವಳ ಕೆಲಸ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುವವರು ಮಾತಾಡುವುದಾದರೂ ಹೇಗೆ? ರಾತ್ರಿ ಊಟಕ್ಕೆ ಕೂತರೆ ಅವನು ಆ ದಿನದ ಗುಡ್ಡವನ್ನು ತಟ್ಟೆಯ ಪಕ್ಕಕ್ಕೇ ತಂದಿಟ್ಟು ಮಾತಾಡುವನು, ಅವಳು "ಹೂಂ" ಎನ್ನುವಳು. "ಕೇಳಿಸ್ಕೊಂಡ್ಯಾ?" ಎಂದರೆ, "ಪಕ್ಕದ ಬೀದಿಯವರೂ ಕೇಳಿಸ್ಕೊಂಡ್ರು" ಎನ್ನುವಳು. ಸಂಸಾರ ಹೀಗೆ ನಡೆದಿತ್ತು.

ದನಿ ಒಡೆಯತೊಡಗಿದಾಗ ಇಬ್ಬರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಧೂಳಿನ ಕೆಲಸ, ಕೂಗುವ ಕೆಲಸ, ಗಂಟಲು ಕಟ್ಟುವುದು ಇದ್ದದ್ದೇ. ಬಿಸಿನೀರು, ಉಪ್ಪುನೀರು ಎಲ್ಲ ಆಯಿತು. ಕೊನೆಗೆ ಅವಳೇ ರಜೆ ಹಾಕಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ಒಳ್ಳೆಯವರು, ಸುತ್ತಿಬಳಸಿ ಹೇಳಲಿಲ್ಲ. ಗಂಟಲಲ್ಲಿ ಗಂಟು, ಅದೂ ಕೆಟ್ಟ ಜಾತಿಯದು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಇನ್ನು ಮುಂದೆ ಉಸಿರಾಟ ಕತ್ತಿನ ಬುಡದಲ್ಲಿ ಮಾಡುವ ಒಂದು ರಂಧ್ರದಿಂದ. "ಜೀವಕ್ಕೆ ಭಯ ಬೇಡ, ಸರಿಯಾದ ಹೊತ್ತಿಗೆ ಬಂದಿದ್ದೀರಿ" ಎಂದರು. ಮೈಕಣ್ಣ ಆಗ ಆಡಿದ ಮಾತು, "ಹಂಗಾದ್ರೆ ಈ ವರ್ಷದ ಸಭೆ?" ಹೆಂಡತಿ ಅವನ ಮುಖವನ್ನೇ ನೋಡಿದಳು. ಇಂಥ ಹೊತ್ತಿನಲ್ಲೂ ಮನುಷ್ಯನಿಗೆ ನೆನಪಾಗುವುದು ಏನು ಎಂದು ಅವಳಿಗೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು.

ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮನೆಗೆ ಬಂದ ಮೈಕಣ್ಣ ಬೇರೆ ಮನುಷ್ಯ. ಬಾಯಿ ತೆರೆದರೆ ತುಟಿ ಆಡುತ್ತಿತ್ತು, ಸದ್ದು ಹೊರಡುತ್ತಿರಲಿಲ್ಲ. ಮೂಗಿನಿಂದ ಗಾಳಿ ಓಡಾಡದ ಕಾರಣ ವಾಸನೆಯೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ದೊಡ್ಡ ಹನಿಗಳು ಅಂಗಳಕ್ಕೆ ಬಿದ್ದಾಗ ಅವನು ಬಾಗಿಲಿಗೆ ಬಂದು, ಅಭ್ಯಾಸಬಲದಿಂದ ಮುಖ ಎತ್ತಿ ನಿಂತ. ಒದ್ದೆ ಮಣ್ಣು ಕಣ್ಣಿಗೆ ಕಾಣುತ್ತಿತ್ತು, ಅಷ್ಟೆ. ಜೀವಮಾನವೆಲ್ಲ ಮಣ್ಣಿನ ಜೊತೆ ಕಳೆದವನಿಗೆ ದನಿ ಹೋದದ್ದಕ್ಕಿಂತ ಆ ಗಳಿಗೆ ಹೆಚ್ಚು ನೋಯಿಸಿತು. ಒಳಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ.

ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದ. ಒಂದು ತಟ್ಟಿದರೆ 'ಇಲ್ಲಿ ಬಾ', ಎರಡು ತಟ್ಟಿದರೆ 'ಚಹಾ'. "ನಾನೇನು ಹೋಟೆಲ್ ನಡೆಸ್ತಿದ್ದೀನಾ?" ಎಂದು ಹೆಂಡತಿ ಗದರಿಕೊಂಡೇ ಚಹಾ ತರುತ್ತಿದ್ದಳು. ಆಸ್ಪತ್ರೆಯವರು ಮಾತಿಗೆಂದು ಒಂದು ಯಂತ್ರ ಕೊಟ್ಟಿದ್ದರು. ಟಾರ್ಚಿನ ಹಾಗಿತ್ತು. ಕತ್ತಿಗೆ ಒತ್ತಿ ಹಿಡಿದು ಗುಂಡಿ ಅದುಮಿದರೆ ಗುಂಯ್ ಎನ್ನುವುದು, ಆ ಗುಂಯ್‌ಗೆ ತುಟಿ ಆಡಿಸಿದರೆ ಮಾತಾಗುವುದು. ಒಂದೇ ಸಲ ಪ್ರಯತ್ನಿಸಿದ. ಡಬ್ಬಿಯೊಳಗೆ ಸಿಕ್ಕಿಕೊಂಡ ಸೊಳ್ಳೆ ತನ್ನ ಹೆಂಡತಿಯ ಹೆಸರು ಕರೆದ ಹಾಗೆ ಕೇಳಿಸಿತು. ಯಂತ್ರ ಕಪಾಟು ಸೇರಿತು. ಹೇಳಬೇಕಾದದ್ದನ್ನು ಸ್ಲೇಟಿನ ಮೇಲೆ ಬರೆದು ತೋರಿಸತೊಡಗಿದ.

ವಾರ್ಷಿಕ ಸಭೆ ಹತ್ತಿರ ಬಂದಾಗ ಸಂಘದ ಕಾರ್ಯದರ್ಶಿ ಮನೆಗೆ ಬಂದಳು. ಆಕೆ ಎಂಜಿನಿಯರು, ಮೈಕಣ್ಣನನ್ನು ಅಣ್ಣ ಎಂದೇ ಕರೆಯುವವಳು. ಕುರ್ಚಿಯ ತುದಿಯಲ್ಲಿ ಕೂತು, ಹೇಗೆ ಶುರುಮಾಡುವುದೆಂದು ತಿಳಿಯದೆ ಚಹಾದ ಲೋಟ ತಿರುಗಿಸಿದಳು.

"ಅಣ್ಣ, ಈ ಸಲ ಮಳೆಪೆಟ್ಟಿಗೆ ಬೇರೆ ಯಾರ ಹತ್ರ ಆದ್ರೂ ಮಾಡಿಸೋಣ್ವಾ ಅಂತ... ನೀವು ಹ್ಞೂಂ ಅಂದ್ರೆ ಮಾತ್ರ."

ಮೈಕಣ್ಣ ತಲೆಯಾಡಿಸಿದ. ಸರಿ ಎಂದೇ ಆಡಿಸಿದ್ದು. ಆದರೆ ಮುಖ ಸಪ್ಪಗಾದದ್ದನ್ನು ಮುಚ್ಚಿಡಲು ಬರಲಿಲ್ಲ.

ಕಿಟಕಿಯ ಪಕ್ಕ ಹೊಲಿಗೆಯಂತ್ರದ ಸದ್ದು ನಿಂತಿತು. ಹೆಂಡತಿ ಬಾಯಿಂದ ಗುಂಡುಸೂಜಿ ತೆಗೆದು ಮೇಜಿನ ಮೇಲಿಟ್ಟಳು. "ಬೇರೆಯವ್ರು ಯಾಕೆ? ಅವರು ಕೈ ಆಡಿಸ್ತಾರೆ, ನಾನು ಬಾಯಿ ಆಡಿಸ್ತೀನಿ."

ಕಾರ್ಯದರ್ಶಿ ಬೆರಗಾದಳು. ಅವಳಿಗಿಂತ ಹೆಚ್ಚು ಬೆರಗಾದವನು ಮೈಕಣ್ಣ. ಸ್ಲೇಟು ಎಳೆದುಕೊಂಡು ಬರೆದ: "ನಿನಗೇನು ಗೊತ್ತು?"

"ಇಷ್ಟು ವರ್ಷ ಊಟದ ಜೊತೆ ಮಣ್ಣೇ ತಿನ್ನಿಸಿದ್ದೀರಲ್ಲ, ಸ್ವಲ್ಪನಾದ್ರೂ ಮೈಗೆ ಹತ್ತಿರಲ್ವಾ?" ಎಂದಳು.

ಅಭ್ಯಾಸ ಬಚ್ಚಲುಮನೆಯಲ್ಲಿ ನಡೆಯಿತು. ಅವಳು ಒಂದು ಮಾತು ಹೇಳುವಳು, ಅವನು ಚಮಚೆಯಿಂದ ಬಕೆಟ್ಟಿಗೆ ಟಣ್ ಎಂದು ಬಾರಿಸುವನು. ತಪ್ಪು ಎಂದು ಅರ್ಥ. ಅವಳು ಮತ್ತೆ ಹೇಳುವಳು, ಮತ್ತೆ ಟಣ್. ಒಂದು ಸಲ ಸಿಟ್ಟು ನೆತ್ತಿಗೇರಿ ಅವಳು ಮಳೆಯ ಪೈಪನ್ನು ಅವನ ಕಾಲಿಗೇ ತಿರುಗಿಸಿದಳು. ಕತ್ತಿನ ರಂಧ್ರಕ್ಕೆ ನೀರು ಹೋದರೆ ಅಪಾಯ ಎಂದು ಮರುಕ್ಷಣವೇ ನೆನಪಾಗಿ ಹೌಹಾರಿ ಪೈಪು ಕೈಬಿಟ್ಟಳು. ಅವನು ಒದ್ದೆ ಪ್ಯಾಂಟಿನಲ್ಲಿ ನಿಂತು ಹೊಟ್ಟೆ ಕುಣಿಸಿ ನಕ್ಕ. ಸದ್ದಿಲ್ಲದ ನಗು. ಆಪರೇಷನ್ ಆದಮೇಲೆ ಅವನು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಸಭೆಯ ದಿನ ಸಭಾಂಗಣದ ತುಂಬ ಹೊಸ ಕಾರ್ಪೆಟ್ಟಿನ ಮೇಲೆ ಮಳಿಗೆಗಳು. ನಾರಿನ ಚಾಪೆಯ ಸುರುಳಿಗಳು, ಹೂಳು ತಡೆಯುವ ಬಟ್ಟೆಯ ಬೇಲಿ, ಬಣ್ಣಬಣ್ಣದ ಚಿತ್ರಗಳು. ಅವಳ ಕತ್ತಿಗೆ ನೇತುಹಾಕಿದ ಬಿಲ್ಲೆಯಲ್ಲಿ 'ಅತಿಥಿ' ಎಂದಿತ್ತು. ಮಳೆಪೆಟ್ಟಿಗೆ ಸಭಾಂಗಣದ ಹಿಂದೆ, ಕಾರು ನಿಲ್ಲಿಸುವ ಅಂಗಳದಲ್ಲಿ. ಜನ ಅರ್ಧಚಂದ್ರವಾಗಿ ನಿಂತರು. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. ಮೈಕಣ್ಣ ನೀರಿನ ತಿರುಪಿನ ಬಳಿ ನಿಂತು, ಶುರುಮಾಡು ಎಂದು ಗಲ್ಲ ಎತ್ತಿದ.

"ಪ್ರಾದೇಶಿಕ ಮಣ್ಣು ಸವೆತ ಹಾಗೂ ಹೂಳು..." ಅಷ್ಟಕ್ಕೇ ಉಸಿರು ಕಟ್ಟಿತು. ಅವಳು ಸುತ್ತ ನೋಡಿದಳು. "ಇಷ್ಟು ಉದ್ದ ಹೆಸರು ಯಾರು ಇಟ್ಟಿದ್ದು? ನನ್ನ ಹತ್ರ ತಂದಿದ್ರೆ ಅಳತೆ ನೋಡಿ ಗಿಡ್ಡ ಮಾಡ್ಕೊಡ್ತಿದ್ದೆ."

ಅಂಗಳ ಅಂಗಳವೇ ಘೊಳ್ಳೆಂದಿತು. ಮೈಕಣ್ಣನೂ ನಕ್ಕ. ಆದರೆ ನಗುವಿನ ಅಡಿಯಲ್ಲಿ ಏನೋ ಚುರುಕ್ ಎಂದಿತು. ಆ ಜಾಗದಲ್ಲಿ ಅವನ ಜೋಕಿಗೆ ಯಾವತ್ತೂ ಅಂಥ ನಗು ಬಂದಿರಲಿಲ್ಲ.

ಅಲ್ಲಿಂದ ಅವಳು ನಿಲ್ಲಲಿಲ್ಲ. ಬೋಳು ಮಣ್ಣೆಂದರೆ ಲೈನಿಂಗ್ ಇಲ್ಲದ ಕೋಟು ಎಂದಳು. ಚಾಪೆಯನ್ನು ಮಣ್ಣಿನ ಮೇಲೆ ಸುಮ್ಮನೆ ಹಾಸಿದರೆ ಸಾಲದು, ಒಳಮೈಗೆ ಅಂಟಿಕೊಳ್ಳುವ ಹಾಗೆ ಗೂಟಗಳಿಂದ ಟಾಕು ಹಾಕಬೇಕು, ಇಲ್ಲವಾದರೆ ನೀರು ಅಡಿಯಿಂದ ನುಸುಳುತ್ತದೆ ಎಂದಳು. ಮೈಕಣ್ಣ ತಿರುಪು ಬಿಟ್ಟ. ಮಳೆ ಸುರಿಯಿತು. ಒಂದು ಜಾಡಿ ಕೆಂಪಗೆ, ಇನ್ನೊಂದು ತಿಳಿಯಾಗಿ ತುಂಬತೊಡಗಿತು.

ಅವಳು ಪಕ್ಕದಲ್ಲಿ ನಿಲ್ಲಿಸಿದ್ದ ಹೂಳು ತಡೆಯುವ ಬೇಲಿಯ ತುಂಡನ್ನು ತೋರಿಸಿದಳು. "ಇನ್ನು ಈ ಬಟ್ಟೆ ಬೇಲಿ. ಇದು ನೀರನ್ನ ನಿಲ್ಲಿಸುತ್ತೆ..."

ಚಟ್ ಎಂದು ಚಪ್ಪಾಳೆ. ಎಲ್ಲರೂ ಮೈಕಣ್ಣನ ಕಡೆ ತಿರುಗಿದರು. ಅವನು ಎರಡೂ ಅಂಗೈ ಮುಂದೆ ಚಾಚಿ, ಮಗುವನ್ನು ತಟ್ಟಿ ಮಲಗಿಸುವವನಂತೆ ಮೆಲ್ಲಗೆ ಕೆಳಗಿಳಿಸಿದ.

"ತಪ್ಪಾಯ್ತು. ನಿಲ್ಲಿಸಲ್ಲ, ನಿಧಾನ ಮಾಡುತ್ತೆ," ಎಂದಳು ಅವಳು. "ನಿಂತ ನೀರು ಬೇಲಿ ಕಿತ್ಕೊಂಡು ಹೋಗುತ್ತೆ. ನಿಧಾನವಾದ ನೀರು ಹೊತ್ತ ಮಣ್ಣು ಕೆಳಗಿಟ್ಟು ಹೋಗುತ್ತೆ. ನೋಡಿದ್ರಲ್ಲ, ಮಾತಿಲ್ಲದಿದ್ರೂ ನನ್ನ ತಪ್ಪು ಹಿಡಿಯೋದ್ರಲ್ಲಿ ಎತ್ತಿದ ಕೈ!"

ಮುಗಿದಮೇಲೆ ಜನ ಅವಳನ್ನು ಸುತ್ತುಗಟ್ಟಿದರು. ಮೈಕಣ್ಣನ ಹಳೆಯ ಗೆಳೆಯನಾದ ಕಂಟ್ರಾಕ್ಟರೊಬ್ಬ ಅವಳ ಕೈ ಕುಲುಕಿ, "ಹೇಗಿದ್ದಾರೆ ಈಗ? ಊಟ ಸೇರ್ತಿದ್ಯಾ ಅವರಿಗೆ?" ಎಂದ. ಮೈಕಣ್ಣ ಅಲ್ಲೇ, ಮಾರು ದೂರದಲ್ಲಿ ನಿಂತಿದ್ದ. ಇನ್ನೊಬ್ಬನೂ ಹಾಗೆಯೇ ಕೇಳಿದ. ಮತ್ತೊಬ್ಬಳು, "ಕಿವಿ ಕೇಳಿಸುತ್ತಲ್ವಾ?" ಎಂದು ಪಿಸುಗುಟ್ಟಿದಳು. ಕೇಳಿಸುತ್ತಿತ್ತು, ಚೆನ್ನಾಗಿಯೇ. ಅವನು ತಟ್ಟೆಗಳನ್ನು ಎತ್ತಿಕೊಂಡು ನಲ್ಲಿಯ ಕಡೆ ಹೋಗಿ, ಆಗಲೇ ತೊಳೆದದ್ದನ್ನು ಮತ್ತೆ ತೊಳೆಯುತ್ತ ಕೂತ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅವನು ಸ್ಲೇಟು ಮುಟ್ಟಲಿಲ್ಲ. ಮರುದಿನವೂ ಮುಖ ಗಂಟು ಹಾಕಿಕೊಂಡೇ ಇದ್ದ. ಹೆಂಡತಿ ಒಂದು ಮಿತಿಯವರೆಗೆ ನೋಡಿದಳು. ಆಮೇಲೆ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

"ನನ್ನ ಮೇಲೆ ಹೊಟ್ಟೆಕಿಚ್ಚಾ?"

ಸ್ವಲ್ಪ ಎಂದು ಹೆಬ್ಬೆರಳು ತೋರುಬೆರಳು ಹತ್ತಿರ ತಂದು ತೋರಿಸಿದ. ಆಮೇಲೆ ಬರೆದ: "ನಾನು ಹೇಗಿದ್ದೀನಿ ಅಂತ ನಿನ್ನನ್ನ ಕೇಳ್ತಾರೆ. ನಾನು ಅಲ್ಲೇ ಇದ್ದೆ."

ಅವಳು ಓದಿದಳು. ತಾನೂ ಆ ಪ್ರಶ್ನೆಗಳಿಗೆಲ್ಲ ಸಲೀಸಾಗಿ ಉತ್ತರ ಕೊಡುತ್ತ ನಿಂತಿದ್ದೆನಲ್ಲ ಎಂದು ಹೊಳೆದು, ಸ್ಲೇಟನ್ನು ಸೆರಗಿನಿಂದ ಒರೆಸಿದಳು.

"ಇನ್ಮೇಲೆ ಯಾರಾದ್ರೂ ಕೇಳಿದ್ರೆ, ಇಲ್ಲೇ ಇದ್ದಾರಲ್ಲ, ಅವರನ್ನೇ ಕೇಳಿ ಅಂತೀನಿ. ಆದ್ರೆ ಕೇಳಿದ್ಮೇಲೆ ನೀವು ಉತ್ತರ ಕೊಡ್ಬೇಕು. ಎಲ್ರೂ ನಿಮ್ಮ ಕೈಬರಹ ಓದೋಷ್ಟು ಪುಣ್ಯವಂತರಲ್ಲ." ಕಪಾಟಿನ ಕಡೆ ಕಣ್ಣು ಹೊರಳಿಸಿದಳು. ಅವನು ಕಣ್ಣು ತಪ್ಪಿಸಿದ. ಅವಳೂ ಒತ್ತಾಯ ಮಾಡಲಿಲ್ಲ.

ಸಂಘದ ತ್ರೈಮಾಸಿಕ ಸುದ್ದಿಪತ್ರಕ್ಕೆ ಸಭೆಯ ವರದಿ ಬರೆಯುವುದು ಮೊದಲಿನಿಂದಲೂ ಮೈಕಣ್ಣನ ಪಾಲಿನ ಕೆಲಸ. ಕಾರ್ಯದರ್ಶಿ ಈ ಸಲವೂ ಅವನನ್ನೇ ಕೇಳಿದಳು. ಬರೆಯಲು ಕೂತವನು ಮಳಿಗೆಗಳ ಬಗ್ಗೆ, ಹೂಳು ಹೊಂಡಗಳ ಬಗ್ಗೆ ಪುಟಗಟ್ಟಲೆ ಬರೆದು, ಮಳೆಪೆಟ್ಟಿಗೆಯ ಹತ್ತಿರ ಬಂದು ನಿಂತುಬಿಟ್ಟ. 'ಎಂದಿನಂತೆ ಮಳೆಪೆಟ್ಟಿಗೆಯ ಪ್ರಾತ್ಯಕ್ಷಿಕೆ ನಡೆಯಿತು' ಎಂದು ಬರೆದು ಹೊಡೆದುಹಾಕಿದ. ಕೊನೆಗೆ ಬರೆದದ್ದು ಹೀಗೆ: 'ಮಳೆಪೆಟ್ಟಿಗೆಯ ವಿವರಣೆಯನ್ನು ಈ ಬಾರಿ ನನ್ನ ಹೆಂಡತಿ ನೀಡಿದಳು. ಒಂದು ಕಡೆ ತಪ್ಪಿದಳು, ತಿದ್ದಿಕೊಂಡಳು. ಉಳಿದದ್ದನ್ನು ನನಗಿಂತ ಚೆನ್ನಾಗಿ ಹೇಳಿದಳು. ಇದನ್ನು ಬರೆಯಲು ನನಗೆ ಎರಡು ದಿನ ಹಿಡಿಯಿತು.' ಅಚ್ಚಾಗಿ ಬಂದಮೇಲೆ ಅವಳು ಅದನ್ನು ಓದಿದಳು. ಆ ಹಾಳೆ ಅವಳ ಅಂಗಡಿಯ ಹಿಂದಿನ ಕೋಣೆಯಲ್ಲಿ, ದಾರದ ಉಂಡೆಗಳ ಮೇಲಿನ ಗೋಡೆಗೆ ಅಂಟಿಕೊಂಡಿತು.

ಆ ವರದಿ ಓದಿಯೇ ದೂರದ ಊರಿನ ಶಾಖೆಯವರು ಅವಳನ್ನು ಕರೆದರು. ಹೊಸದಾಗಿ ಕೆಲಸಕ್ಕೆ ಸೇರಿದವರ ತರಬೇತಿಗೆ ಮಳೆಪೆಟ್ಟಿಗೆ ತೋರಿಸಬೇಕು. ಮೈಕಣ್ಣನಿಗೆ ಅದೇ ವಾರ ಆಸ್ಪತ್ರೆಯ ತಪಾಸಣೆ. "ನೀನೊಬ್ಬಳೇ ಹೋಗು" ಎಂದು ಬರೆದು, ಪೆಟ್ಟಿಗೆಯನ್ನು ಬಿಡಿಬಿಡಿಯಾಗಿ ಕಳಚಿ, ಹೇಗೆ ಜೋಡಿಸಬೇಕೆಂದು ಕಲಿಸಿ, ಬಸ್ಸಿಗೆ ಹತ್ತಿಸಿ ಬಂದ.

ಸಂಜೆ ಫೋನು ಮಾಡಿದಳು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಅವಳು ಕೇಳುವುದು, ಅವನು ಉಗುರಿನಿಂದ ಫೋನು ಕುಟ್ಟುವುದು. ಒಂದು ಕುಟ್ಟಿದರೆ ಹೌದು, ಎರಡಾದರೆ ಇಲ್ಲ. ಊಟ ಆಯ್ತಾ? ಟಕ್. ಬಾಗಿಲು ಹಾಕಿದ್ದೀರಾ? ಟಕ್. ನನ್ನ ನೆನಪಾಗ್ತಿದ್ಯಾ? ಟಕ್ ಟಕ್. "ಸುಳ್ಳು!" ಎಂದು ನಕ್ಕಳು. ಆಮೇಲೆ ಅವಳ ದನಿಯಲ್ಲಿ ಗಾಬರಿ ಕಾಣಿಸಿತು.

"ರೀ, ಇಲ್ಲಿ ಒಂದು ಫಜೀತಿ. ಇಲ್ಲಿಯವರು ಕೊಟ್ಟಿರೋ ಮಣ್ಣು ಮರಳು ಮರಳು. ಈಗ ಸುರಿಸಿ ನೋಡಿದೆ, ಚಾಪೆ ಇರೋ ತಟ್ಟೆಯಿಂದಲೂ ರಾಡಿನೇ ಬಂತು. ಅಡಿಯಿಂದ ಕೊರೀತಿದೆ. ನಾಳೆ ಬೆಳಿಗ್ಗೆ ಅಷ್ಟು ಜನದ ಮುಂದೆ ಏನು ಮಾಡ್ಲಿ? ಗೂಟ ಹೆಚ್ಚು ಹಾಕ್ಲಾ?"

ಟಕ್. ಆಮೇಲೆ ಟಕ್ ಟಕ್. ಎರಡೂ ನಿಜ. ಗೂಟ ಹೆಚ್ಚು ಬೇಕು, ಆದರೆ ಅದಷ್ಟೇ ಸಾಲದು.

"ಹೌದೋ ಅಲ್ವೋ? ಸರಿಯಾಗಿ ಕುಟ್ಟಿ!"

ಅವನು ಫೋನನ್ನು ಮೇಜಿನ ಮೇಲಿಟ್ಟ. ಕಪಾಟು ತೆರೆದ ಸದ್ದು ಅವಳಿಗೆ ಕೇಳಿಸಿತು. ಆಮೇಲೆ ಗುಂಯ್ ಎಂಬ ಸದ್ದು, ಅದರ ಹಿಂದೆ ಮುರಿದು ಮುರಿದು ಬರುವ ಮಾತು. "ಮೇಲಿನ... ಅಂಚು... ಮಣ್ಣೊಳಗೆ... ಹೂಳು."

ಅವಳೆಂದಳು, "ಯಾರ್ರೀ ಅದು ಮಾತಾಡ್ತಿರೋದು? ಸ್ವಲ್ಪ ನಮ್ಮ ಯಜಮಾನ್ರಿಗೆ ಫೋನ್ ಕೊಡಿ."

ಹೇಳುತ್ತಿದ್ದ ಹಾಗೆಯೇ ಅವಳು ಅಳತೊಡಗಿದ್ದು ಅವನಿಗೆ ಕೇಳಿಸಿತು. ಯಂತ್ರ ಇವನ ಕತ್ತಿನಿಂದ ಜಾರಿತು. ಮತ್ತೆ ಒತ್ತಿ ಹಿಡಿದ. "ಅತ್ತಿದ್ದು... ಸಾಕು. ಚಾಪೆ... ಮಡಿಸಿ... ಹೂಳು."

"ಅಂದ್ರೆ ಅಂಚು ಒಳಕ್ಕೆ ಮಡಚಿ ಹೊಲಿಗೆ ಹಾಕಿದ ಹಾಗೆ?"

"ಅದೇ."

"ಅಷ್ಟು ಮೊದ್ಲೇ ಹೇಳೋಕೇನಾಗಿತ್ತು!" ಎಂದಳು. ಇಬ್ಬರಿಗೂ ಗೊತ್ತಿತ್ತು, ಅವಳು ಕೇಳುತ್ತಿದ್ದದ್ದು ಚಾಪೆಯ ವಿಷಯವಲ್ಲ ಎಂದು. ಮರುದಿನ ಚಾಪೆ ಕದಲಲಿಲ್ಲ. ನೀರು ಪೂರ್ತಿ ತಿಳಿಯಾಗೇನೂ ಬರಲಿಲ್ಲ, ಆದರೆ ಬೋಳು ತಟ್ಟೆಯ ಪಕ್ಕದಲ್ಲಿಟ್ಟರೆ ಯಾರಿಗಾದರೂ ಗೊತ್ತಾಗುವಷ್ಟು ಚೆನ್ನಾಗಿತ್ತು.

ಅಂದಿನಿಂದ ಯಂತ್ರ ಒಂದು ದಾರದಲ್ಲಿ ಅವನ ಎದೆಯ ಮೇಲೆ ತೂಗಾಡತೊಡಗಿತು. ಧೂಳಿನಲ್ಲಿ ಪೈಪು ಹಿಡಿಯುವುದಕ್ಕೆ ಡಾಕ್ಟರು ಒಪ್ಪಲಿಲ್ಲ. ಬೀಜ ಕಲಸುವ ಶೆಡ್ಡಿನಲ್ಲಿ ಮೇಲ್ವಿಚಾರಣೆಗೆ ಕೂತ. ಶೆಡ್ಡಿನಿಂದ ಲಾರಿ ಡ್ರೈವರುಗಳಿಗೆ ಫೋನು ಮಾಡಿದರೆ ಮೊದಮೊದಲು ಅವರು ಯಾವುದೋ ಕಂಪನಿಯ ಜಾಹೀರಾತು ಎಂದು ಕತ್ತರಿಸಿಬಿಡುತ್ತಿದ್ದರು. ಅವನು ಮತ್ತೆ ಮಾಡಿ, "ನಾನು... ಜಾಹೀರಾತು... ಅಲ್ಲ. ಲಾರಿ... ಎಲ್ಲಿ?" ಎನ್ನುವನು. ಬೈಗುಳಕ್ಕೆ ಮೊದಲಿನ ಏರಿಳಿತವಿಲ್ಲದಿರುವುದೇ ಅವನಿಗೆ ದೊಡ್ಡ ಬೇಸರ. ಎಷ್ಟು ಕೋಪ ಬಂದರೂ ದನಿ ಒಂದೇ ಮಟ್ಟದಲ್ಲಿರುತ್ತಿತ್ತು. ಡ್ರೈವರುಗಳು ಮಾತ್ರ ಮೊದಲಿನ ಕೂಗಿಗಿಂತ ಈ ತಣ್ಣನೆಯ ಗುಂಯ್‌ಗೇ ಹೆಚ್ಚು ಹೆದರುತ್ತೇವೆ ಎನ್ನುತ್ತಿದ್ದರು.

ಹೆಂಡತಿ ಅವನ ಕತ್ತಿನ ರಂಧ್ರ ಮುಚ್ಚಲು ತೆಳು ಬಟ್ಟೆಯ ಪಟ್ಟಿಗಳನ್ನು ಹೊಲಿದಳು. ಶೆಡ್ಡಿಗೆ ಕಂದು ಬಣ್ಣದ್ದು, ಸಭೆಗೆ ಅಂಗಿಯ ಬಟ್ಟೆಯದೇ, ಗುಂಡಿ ಇಟ್ಟು, ನೋಡಿದವರಿಗೆ ಅಂಗಿಯ ಭಾಗವೇ ಎನಿಸುವಂತೆ. ತಪಾಸಣೆಗೆ ಹೋದಾಗ ಮಾತು ಕಲಿಸುವ ನರ್ಸಮ್ಮ ಅದನ್ನು ಹಿಡಿದು ನೋಡಿ, ಬೇರೆ ರೋಗಿಗಳಿಗೂ ಹೊಲಿದು ಕೊಡುತ್ತೀರಾ ಎಂದು ಕೇಳಿದಳು. ಹಾಗೆ ಒಂದು ಭಾನುವಾರ ಬಸ್ ಡ್ರೈವರೊಬ್ಬ ಅಳತೆ ಕೊಡಲು ಮನೆಗೆ ಬಂದ. ಆಪರೇಷನ್ ಆಗಿ ಹೆಚ್ಚು ದಿನವಾಗಿರಲಿಲ್ಲ. ಜೊತೆಗೆ ಅವನ ಅಕ್ಕ ಬಂದಿದ್ದಳು. ಡ್ರೈವರು ಬಾಗಿಲ ಬಳಿಯ ಕುರ್ಚಿಯಲ್ಲಿ, ಬಂದ ತಪ್ಪಿಗೆ ಕೂತವನಂತೆ, ನೆಲ ನೋಡುತ್ತ ಕೂತ.

ಮೈಕಣ್ಣನ ಹೆಂಡತಿ ಅಳತೆಪಟ್ಟಿ ಹಿಡಿದು, "ಯಾವ ಬಣ್ಣ ಇರ್ಲಿ?" ಎಂದು ಅವನನ್ನು ಕೇಳಿದಳು.

"ಅವನಿಗೆ ಯಾವುದಾದ್ರೂ ಆಗುತ್ತಮ್ಮ, ಅವನಿಗೇನೂ..." ಎಂದು ಅಕ್ಕ ಶುರುಮಾಡಿದಳು. ಪಾಪ, ಪ್ರೀತಿಯಿಂದಲೇ.

ಮೈಕಣ್ಣ ಕೈ ಎತ್ತಿದ. ಯಂತ್ರವನ್ನು ಕತ್ತಿಗೆ ಒತ್ತಿ, "ಅವರೇ... ಹೇಳ್ಲಿ. ಅವಸರ... ಇಲ್ಲ" ಎಂದ.

ಅಕ್ಕ ತಡವರಿಸಿ ಸುಮ್ಮನಾದಳು. ಡ್ರೈವರು ತಲೆ ಎತ್ತಿ ಮೈಕಣ್ಣನ ಕತ್ತನ್ನೂ, ಯಂತ್ರವನ್ನೂ, ಮತ್ತೆ ಮೈಕಣ್ಣನ ಮುಖವನ್ನೂ ನೋಡಿದ. ಮೇಜಿನ ಮೇಲೆ ಹರಡಿದ್ದ ಬಟ್ಟೆಯ ತುಂಡುಗಳ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡ. ಒಂದೊಂದನ್ನೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡತೊಡಗಿದ, ಬೆರಳ ನಡುವೆ ಉಜ್ಜಿ ನೋಡಿದ, ಎರಡನ್ನು ಪಕ್ಕಪಕ್ಕ ಇಟ್ಟು ಯೋಚಿಸಿದ. ಅವನು ಆರಿಸಿ ಮುಗಿಸುವವರೆಗೂ ಮೂವರೂ ಕಾದರು.